ಕದದಡಿಯ ನೀಲಿ ವೈರು

ಮಾರ್ಚ್ 4, ಸೋಮವಾರ

ಇವತ್ತು ಮೂರು ಸಲ ಇಂಟರ್ನೆಟ್ ಹೋಯಿತು. ಮೂರೂ ಸಲ ನಾನು ಕೋಣೆಯ ಬಾಗಿಲು ಹಾಕಿಕೊಂಡು ರೋಗಿಯ ಎದುರು ಕುಳಿತಿದ್ದಾಗಲೇ. ಸಂಜೆ ನನ್ನ ಗಂಡ ಸೋಫಾದಲ್ಲಿ ಒರಗಿಕೊಂಡು ಯಾರೋ ಎಲ್ಲಿಯೋ ಕಾರು ತೊಳೆಯುವುದನ್ನು ಒಂದು ಗಂಟೆ ನೋಡಿದರು. ಒಂದು ಕ್ಷಣವೂ ನಿಲ್ಲಲಿಲ್ಲ. ಕಾರು ತೊಳೆಯುವುದಕ್ಕೆ ಇರುವ ಮರ್ಯಾದೆ ನನ್ನ ಕೆಲಸಕ್ಕಿಲ್ಲ.

ನನ್ನ ಕೆಲಸ ಮಾತು ಕಳೆದುಕೊಂಡವರಿಗೆ ಮಾತು ಮರಳಿಸುವುದು. ಚಿಕಿತ್ಸಾ ಕೇಂದ್ರದವರೆಗೆ ಬರಲಾಗದ ರೋಗಿಗಳನ್ನು ಎರಡು ವರ್ಷದಿಂದ ಮನೆಯಲ್ಲೇ ಕುಳಿತು ಪರದೆಯ ಮೇಲೆ ನೋಡುತ್ತಿದ್ದೇನೆ. ಹನ್ನೊಂದು ಗಂಟೆಗೆ ಗಡಿಯಾರ ರಿಪೇರಿಯವರು. ಪಾರ್ಶ್ವವಾಯು ಹೊಡೆದು ಹನ್ನೊಂದು ತಿಂಗಳಾಗಿದೆ. ವಸ್ತು ಗೊತ್ತು, ಅದರ ಹೆಸರು ಬಾರದು. ಚಿಮಟದ ಚಿತ್ರ ತೋರಿಸಿದರೆ ಎರಡು ಬೆರಳು ತಾವಾಗಿ ಹತ್ತಿರ ಬರುತ್ತವೆ, ಬಾಯಿ ತೆರೆದೇ ಇರುತ್ತದೆ. ಅವರಿಗಾಗಿ ಕಾಯಬೇಕು. ಮನಸ್ಸಿನಲ್ಲಿ ಹತ್ತು ಎಣಿಸಬೇಕು, ಮತ್ತೆ ಹತ್ತು. ಇವತ್ತು "ಚಿ..." ಎಂದರು. ಮುಖ ಪರದೆಯ ಮೇಲೆ ಹಾಗೇ ನಿಂತಿತು. ಪದ ಹುಡುಕುತ್ತಿದ್ದಾರೆ ಎಂದುಕೊಂಡು ನಾನು ನಲವತ್ತರವರೆಗೆ ಎಣಿಸಿದೆ. ಹುಡುಕುತ್ತಿರಲಿಲ್ಲ, ಸಂಪರ್ಕ ಸತ್ತಿತ್ತು.

ಬಹುಶಃ ಅಷ್ಟರಲ್ಲಿ ಅವರು ಆ ಪದವನ್ನು ಹೇಳಿ ಮುಗಿಸಿದ್ದರು. ಕೇಳುವವರು ಇರಲಿಲ್ಲ.

ಮಾರ್ಚ್ 5, ಮಂಗಳವಾರ

ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದೆ. ಜೇನು ಸುರಿಯುವ ದನಿಯ ಒಬ್ಬಳು ಇಪ್ಪತ್ತಾರು ನಿಮಿಷದಲ್ಲಿ ಒಂಬತ್ತು ಸಲ ವಿಷಾದ ವ್ಯಕ್ತಪಡಿಸಿದಳು.

"ಮೇಡಂ, ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ?"

"ಆರು ಸಲ ಮಾಡಿದೀನಿ."

"ಇನ್ನೊಂದ್ಸಲ ಮಾಡಿ ಮೇಡಂ, ನಮ್ಮ ಸಮಾಧಾನಕ್ಕೆ."

ಅವಳ ಸಮಾಧಾನಕ್ಕೆ! ಮಾಡಿದೆ. ನನ್ನನ್ನು ಕಂಡರೆ ನನಗೇ ಅಸಹ್ಯವಾಯಿತು.

ಊಟದ ಮೇಜಿನ ತುಂಬ ಗಂಡನ ಅಕ್ಕನ ಸಾಮಾನು. ಆಕೆ ಬಂದು ತಿಂಗಳಾಯಿತು. ಇಪ್ಪತ್ತಾರು ವರ್ಷ ನಡೆಸಿದ ಫೋಟೋ ಸ್ಟುಡಿಯೋ ಮುಚ್ಚಿ, ಎರಡು ಸೂಟ್‌ಕೇಸು ಮತ್ತು ಒಂದು ಕಪ್ಪು ಪೆಟ್ಟಿಗೆ ಹಿಡಿದು ತಮ್ಮನ ಮನೆಗೆ ಬಂದಿದ್ದಾಳೆ. ಪೆಟ್ಟಿಗೆಯೊಳಗೆ ನಾಲ್ಕು ಹಾರ್ಡ್ ಡಿಸ್ಕು. ಅವುಗಳೊಳಗೆ ಆಕೆ ತೆಗೆದ ಅಷ್ಟೂ ಮದುವೆಗಳು, ಶಾಲೆಯ ಗುಂಪುಗಳು, ಪಾಸ್‌ಪೋರ್ಟ್ ಮುಖಗಳು. ಹಳೆಯ ಗಿರಾಕಿಗಳು ಈಗಲೂ ಫೋನ್ ಮಾಡುತ್ತಾರೆ, ಆಕೆ ಹುಡುಕಿ ಕಳಿಸುತ್ತಾಳೆ. ತಮ್ಮ ಮದುವೆಯ ಫೋಟೋ ಜೋಪಾನ ಮಾಡಿಕೊಳ್ಳಲಾಗದವರಿಗೆ ಪುಕ್ಕಟೆ ಚಾಕರಿ.

ಪೆಟ್ಟಿಗೆ ಶುರುವಾದರೆ ಹಿಟ್ಟಿನ ಗಿರಣಿಯ ಹಾಗೆ ಗುಂಯ್‌ಗುಡುತ್ತದೆ. ಅದಕ್ಕೇ ಮೊದಲ ವಾರವೇ ನಿಯಮ ಮಾಡಿದೆ. ನಾನು ಹಾಲ್‌ನಲ್ಲಿರುವಾಗ ಅದು ಬಂದ್ ಆಗಿರಬೇಕು. ನಾನು ಕೋಣೆಯೊಳಗೆ ಹೆಡ್‌ಫೋನ್ ಹಾಕಿಕೊಂಡು ಕೆಲಸದಲ್ಲಿರುವಾಗ ಏನು ಬೇಕಾದರೂ ಮಾಡಿಕೊಳ್ಳಲಿ. ಆಕೆ ಆಗಲಿ ಎಂದು ತಲೆಯಾಡಿಸಿದಳು. ಆಕೆ ಎಲ್ಲದಕ್ಕೂ ತಲೆಯಾಡಿಸುತ್ತಾಳೆ. ಅದೇ ನನಗೆ ಸಿಟ್ಟು ಬರಿಸುತ್ತದೆ. ಯಾಕೆ? ನಾನು ಬಯಸಿದ್ದೂ ಅದನ್ನೇ ಅಲ್ಲವೆ?

ರೂಟರ್ ಇರುವುದು ನನ್ನ ಕೋಣೆಯಲ್ಲಿ. ಅಲ್ಲಿಂದ ಕದದಡಿಯಲ್ಲಿ ಒಂದು ನೀಲಿ ವೈರು ಎಳೆದು ಅಕ್ಕನ ಪೆಟ್ಟಿಗೆಗೆ ಸಿಕ್ಕಿಸಿಕೊಟ್ಟ ಪುಣ್ಯಾತ್ಮರು ನನ್ನ ಗಂಡ. ದಿನಕ್ಕೆರಡು ಸಲ ಎಡವುತ್ತೇನೆ.

ಮಾರ್ಚ್ 7, ಗುರುವಾರ

ಲೈನ್‌ಮ್ಯಾನ್ ಬಂದ. ನನ್ನ ಕುರ್ಚಿಯಲ್ಲಿ ಕೇಳದೆ ಕುಳಿತ. ಅರ್ಧ ಗಂಟೆ ಪರೀಕ್ಷೆ ಮಾಡಿದ. ಇಂಟರ್ನೆಟ್ ಒಮ್ಮೆಯೂ ಕಡಿಯದೆ ಓಡಿತು.

"ಲೈನು ಫಸ್ಟ್ ಕ್ಲಾಸಾಗಿದೆ ಮೇಡಂ."

"ನೀವು ಬಂದಾಗ ಚೆನ್ನಾಗೇ ಇರುತ್ತೆ."

"ಹಾಗಾದ್ರೆ ನಾನು ಇಲ್ಲೇ ಇದ್ಬಿಡ್ಲಾ?" ಎಂದು ಹಲ್ಲು ಕಿರಿದ. ಆಮೇಲೆ ಬಗ್ಗಿ ನೋಡಿ, "ಈ ನೀಲಿ ವೈರ್ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದ.

"ಅದು ಲೆಕ್ಕಕ್ಕಿಲ್ಲ. ಯಾವುದೋ ಫೋಟೋ ಡಬ್ಬಿ. ಆಫಾಗಿದೆ."

ಬಾಗಿಲ ಹೊರಗೆ ನಿಂತಿದ್ದ ಆಕೆ, "ಅದನ್ನ ನಾನು ದಿನಾ ಬೆಳಿಗ್ಗೆ..." ಎಂದು ಶುರುಮಾಡಿದಳು.

"ಅತ್ತಿಗೆ, ನೀವು ಸುಮ್ನಿರಿ. ಅವರು ಕೆಲಸ ಮಾಡ್ಲಿ."

ಲೈನ್‌ಮ್ಯಾನ್ ನನ್ನ ಸಹಿ ತೆಗೆದುಕೊಂಡು ಹೋದ. 'ದೋಷವಿಲ್ಲ' ಎಂದು ಬರೆದ ಕಾಗದಕ್ಕೆ ಸಹಿ ಹಾಕಿದವಳು ನಾನೇ.

ಮಾರ್ಚ್ 9, ಶನಿವಾರ

ಗಂಡನ ಸಿದ್ಧಾಂತ ಇವತ್ತು ಹೊರಬಿತ್ತು. "ಗೋಡೆ ದಪ್ಪ ಕಣೇ." ಬಣ್ಣದ ಕಾರ್ಖಾನೆಯಲ್ಲಿ ಗೋಡೆಗಳ ಬಗ್ಗೆಯೇ ಇಪ್ಪತ್ತು ವರ್ಷ ಯೋಚಿಸಿದ ಮನುಷ್ಯ. ಬೆಳಿಗ್ಗೆ ಮಾತ್ರ ದಪ್ಪವಾಗಿ ಸಂಜೆ ತೆಳ್ಳಗಾಗುವ ಗೋಡೆ ಇದ್ದರೆ ಹೇಳಿ ಎಂದೆ. ಪತ್ರಿಕೆಯ ಹಾಳೆ ತಿರುಗಿಸಿದರು.

ಮಾರ್ಚ್ 12, ಮಂಗಳವಾರ

ಪರದೆಯ ಮೇಲೆ ಗಡಿಯಾರ ರಿಪೇರಿಯವರ ಬದಲು ಅವರ ಹೆಂಡತಿ ಬಂದು ಕುಳಿತರು.

"ಇವತ್ತು ಕೂತ್ಕೊಳಲ್ಲ ಅಂತಿದಾರೆ ಮೇಡಂ. ಬೇಜಾರು ಮಾಡ್ಕೋಬೇಡಿ."

"ಯಾಕೆ, ಹುಷಾರಿಲ್ವಾ?"

ಆಕೆ ಹಿಂದಕ್ಕೊಮ್ಮೆ ನೋಡಿ ದನಿ ತಗ್ಗಿಸಿದರು. "ಅದು ನಿಂತು ಹೋಗುತ್ತಲ್ಲ, ತಾನು ತಡ ಮಾಡಿದ್ದಕ್ಕೆ ನೀವೇ ಸಾಕಾಗಿ ನಿಲ್ಲಿಸ್ತೀರಿ ಅಂದ್ಕೊಂಡಿದಾರೆ. ಹೀಗೆ ಕೈ ಮಾಡಿ ತೋರಿಸಿದ್ರು." ಫೋನನ್ನು ಕುಕ್ಕಿ ಇಡುವಂತೆ ಕೈ ಮಾಡಿದರು. "ನಾನು ಎಷ್ಟು ಹೇಳಿದ್ರೂ ನಂಬಲ್ಲ. ಎರಡು ದಿನದಿಂದ ನನ್ನ ಹತ್ರಾನೂ ಬಾಯಿ ಬಿಟ್ಟಿಲ್ಲ."

ಮಧ್ಯಾಹ್ನ ಕೇಂದ್ರದಿಂದ ದೊಡ್ಡ ಮೇಡಂ ಫೋನ್ ಮಾಡಿದರು. ಹತ್ತೊಂಬತ್ತನೇ ತಾರೀಖು ಅವರೂ ನನ್ನ ಜೊತೆ ಪರದೆಯ ಮೇಲೆ ಕುಳಿತು ನೋಡುತ್ತಾರಂತೆ. ಅವತ್ತು ಒಂದು ಸಲ ಕಡಿದುಹೋದರೂ ಗಡಿಯಾರ ರಿಪೇರಿಯವರನ್ನು ಕೇಂದ್ರಕ್ಕೆ ಈಚೆಗೆ ಸೇರಿದ ಹೊಸಬಳಿಗೆ ವಹಿಸುತ್ತಾರೆ. ಹೊಸಬಳ ಕೆಲಸ ನಾನು ನೋಡಿದ್ದೇನೆ. ರೋಗಿ "ಚಿ" ಎನ್ನುವಷ್ಟರಲ್ಲಿ "ಚಿಮಟ! ಶಹಬ್ಬಾಸ್!" ಎಂದು ಚಪ್ಪಾಳೆ ತಟ್ಟುತ್ತಾಳೆ. ಪದವೆಲ್ಲ ಅವಳದ್ದೇ, ರೋಗಿಯದು ಬರೀ ತಲೆದೂಗುವುದು. ಆರು ತಿಂಗಳು ಹಾಗೆ ನಡೆದರೆ ಆ ಮನುಷ್ಯ ತನ್ನ ಮಾತು ತನ್ನದಲ್ಲವೆಂದು ಪೂರ್ತಿ ಬಿಟ್ಟುಕೊಡುತ್ತಾರೆ.

ಫೋನ್ ಮಾಡಿ ಅವರನ್ನು ಒಪ್ಪಿಸಿದ್ದೇನೆ. ಹತ್ತೊಂಬತ್ತಕ್ಕೆ ಕೂರುತ್ತಾರೆ. ಅದೇ ಕೊನೆ, ಆಮೇಲೆ ಇಲ್ಲ ಎಂದು ಹೆಂಡತಿಯ ಕೈಯಲ್ಲಿ ಹೇಳಿಸಿದರು.

ಮಾರ್ಚ್ 14, ಗುರುವಾರ

ಹತ್ತು ಗಂಟೆಯ ರೋಗಿ ಬರಲಿಲ್ಲ. ನಾನು ಕೋಣೆಯಿಂದ ಹೊರಗೆ ಹೋಗಲಿಲ್ಲ. ಹೋದರೆ ಆಕೆಯ ಜೊತೆ ಏನಾದರೂ ಮಾತಾಡಬೇಕಾಗುತ್ತದೆ. ಬಾಗಿಲು ಹಾಕಿಕೊಂಡು ಹಳೆಯ ವರದಿ ಓದುತ್ತ ಕುಳಿತೆ. ಹತ್ತೂಕಾಲಿಗೆ ಇಂಟರ್ನೆಟ್ ಹೋಯಿತು. ನೀರಿಗೆಂದು ಎದ್ದು ಬಾಗಿಲು ತೆಗೆದೆ.

ಆಕೆ ಮೇಜಿನ ಮುಂದೆ ಕನ್ನಡಕ ಏರಿಸಿಕೊಂಡು ಕುಳಿತಿದ್ದಳು. ಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ನನ್ನನ್ನು ಕಂಡದ್ದೇ ಗಾಬರಿಯಾದಳು.

"ಇನ್ನೂ ಮುಕ್ಕಾಲು ಗಂಟೆ ಇತ್ತಲ್ಲ ನಿಂಗೆ? ಇರು, ಆಫ್ ಮಾಡ್ತೀನಿ."

ಗುಂಡಿ ಒತ್ತಿದಳು. ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಒಳಗಿನಿಂದ ನನ್ನ ಕಂಪ್ಯೂಟರ್, ತಡೆದಿಟ್ಟಿದ್ದ ಪತ್ರಗಳನ್ನೆಲ್ಲ ಟಿಣ್ ಟಿಣ್ ಎಂದು ಇಳಿಸಿಕೊಂಡಿತು.

ನೀರು ಕುಡಿದು ಒಳಗೆ ಬಂದು ಬಾಗಿಲು ಹಾಕಿದೆ. ಆರು ನಿಮಿಷಕ್ಕೆ ಹೋಯಿತು. ಕೆಮ್ಮುತ್ತ ಹೊರಗೆ ಬಂದೆ. ಆಕೆ ಆಫ್ ಮಾಡಿದಳು, ಸರಿಹೋಯಿತು. ಮತ್ತೊಮ್ಮೆ ಮಾಡಿ ನೋಡಿದೆ. ಹಾಗೇ.

ಅಂದರೆ ಅದು ಯಾವಾಗ ಬೇಕಾದರೂ ಶುರುವಾಗಬಹುದಿತ್ತು. ಸಂಜೆ ಆಗಬಹುದಿತ್ತು, ಲೈನ್‌ಮ್ಯಾನ್ ಇರುವಾಗ ಆಗಬಹುದಿತ್ತು. ನನ್ನ ರೋಗಿಗಳ ಹೊತ್ತಿಗೆ ಸರಿಯಾಗಿ ಅದನ್ನು ಗೊತ್ತುಮಾಡಿಕೊಟ್ಟವರು ಯಾರು ಎಂಬುದನ್ನು ಬರೆಯಬೇಕೆ? ಬರೆಯಬೇಕು. ನಾನು.

ಮಾರ್ಚ್ 15, ಶುಕ್ರವಾರ

ಲೈನ್‌ಮ್ಯಾನ್‌ಗೆ ಫೋನ್ ಮಾಡಿದೆ. ಅವನಿಗೆ ಎಲ್ಲಿಲ್ಲದ ಖುಷಿ.

"ಎರಡು ಮನೆಗೆ ಒಂದೇ ನಂಬರ್ ಹೊಡೆದ ಹಾಗೆ ಮೇಡಂ. ಪೋಸ್ಟ್‌ಮ್ಯಾನ್ ಒಂದ್ಸಲ ಇಲ್ಲಿ ಹಾಕ್ತಾನೆ, ಒಂದ್ಸಲ ಅಲ್ಲಿ. ನಿಮ್ಮ ರೂಟರ್ ನಂಬರ್ರೇ ಆ ಡಬ್ಬಿಗೂ ಇರ್ಬೇಕು. ಅದರ ಪಾಸ್‌ವರ್ಡ್ ಗೊತ್ತಿರೋರು ನಂಬರ್ ಬದಲಾಯಿಸಿದ್ರೆ ಆಯ್ತು, ಹತ್ತು ನಿಮಿಷದ ಕೆಲಸ. ಅವತ್ತೇ ಕೇಳಿದ್ನಲ್ಲ ಮೇಡಂ, ನೀಲಿ ವೈರ್ ಎಲ್ಲಿಗೆ ಅಂತ?"

ಪಾಸ್‌ವರ್ಡ್ ಗೊತ್ತಿರುವವಳು ಗೋಡೆಯ ಆಚೆ ಇದ್ದಾಳೆ. ಹೋಗಿ ಹೇಳಬಹುದು. ಆದರೆ ಏನೆಂದು? ನೀವು ನನ್ನ ಮಾತು ಕೇಳಿದ್ದರಿಂದಲೇ ನನ್ನ ಕೆಲಸ ಹಾಳಾಗುತ್ತಿದೆ ಎಂದೆ? ಅಲ್ಲದೆ ಆಕೆ ಗಾಬರಿಯಲ್ಲಿ ಏನಾದರೂ ಒತ್ತಿ ಇನ್ನಷ್ಟು ಕೆಡಿಸಿದರೆ? ಫೋಟೋ ತೆಗೆಯುವವಳಿಗೆ ಇದೆಲ್ಲ ಎಲ್ಲಿ ತಿಳಿದೀತು. ಹತ್ತೊಂಬತ್ತು ಕಳೆಯಲಿ.

ನೀಲಿ ವೈರನ್ನು ನನ್ನ ಕಡೆಯಿಂದ ಕಿತ್ತೆ. ಮತ್ತೆ ಅರ್ಧಕ್ಕೆ ತೂರಿಸಿಟ್ಟೆ, ನೋಡಿದರೆ ಸಿಕ್ಕಿಸಿದಂತೆಯೇ ಕಾಣಲಿ ಎಂದು. ನೋಡುವವರು ಯಾರು? ಆಕೆ ಈ ಕೋಣೆಯ ಹೊಸಿಲು ತುಳಿಯುವುದಿಲ್ಲ. ಅದೂ ನನ್ನದೇ ನಿಯಮ.

ದಿನವಿಡೀ ಒಮ್ಮೆಯೂ ಕಡಿಯಲಿಲ್ಲ.

ಮಾರ್ಚ್ 16, ಶನಿವಾರ

ಆಕೆ ಬಾಗಿಲ ಬಳಿ ಬಂದು ನಿಂತಳು.

"ಲ್ಯಾಪ್‌ಟಾಪಲ್ಲಿ ಪೆಟ್ಟಿಗೆ ಸಿಗ್ತಾ ಇಲ್ಲ ಕಣಮ್ಮ. ಲೈಟೆಲ್ಲ ಬರುತ್ತೆ, ತಿರುಗುತ್ತೆ, ಆದ್ರೆ ಒಳಗಿಂದು ಏನೂ ತೋರಿಸ್ತಿಲ್ಲ. ಒಳಗೆ ವೈರ್ ಸರಿಯಾಗಿದೆಯಾ ಒಂಚೂರು ನೋಡ್ತೀಯಾ?"

ಎದ್ದು ಹೋಗಿ ರೂಟರ್ ಮುಂದೆ ಬಗ್ಗಿದೆ. ಅರ್ಧಕ್ಕೆ ನಿಂತ ವೈರನ್ನು ನೋಡಿದೆ.

"ಸರಿಯಾಗಿದೆ ಅತ್ತಿಗೆ."

"ಹಾಗಾದ್ರೆ ಡಿಸ್ಕೇ ಹೋಗಿರ್ಬೇಕು. ಕಂಪ್ಯೂಟರ್ ಅಂಗಡಿಯೋನು ಎರಡು ವರ್ಷದ ಹಿಂದೇನೇ ಹೇಳಿದ್ದ, ಇದು ಇವತ್ತೋ ನಾಳೆಯೋ ಅಂತ."

ಮೇಜು ಒರೆಸಿದಳು. ಆಕೆ ಮೇಜು ಒರೆಸಿದ್ದು ಈ ತಿಂಗಳಲ್ಲಿ ಇದೇ ಮೊದಲು. ಸಾಮಾನೆಲ್ಲ ಸೂಟ್‌ಕೇಸಿನೊಳಗೆ ಹೋಯಿತು. ನನಗೆ ಬೇಕಾಗಿದ್ದ ಹಾಗೇ ಮನೆ ಚೊಕ್ಕಟವಾಯಿತು.

ಮಾರ್ಚ್ 17, ಭಾನುವಾರ

ಹಾಲ್ ಸದ್ದಿಲ್ಲದೆ ಇದೆ. ಓದಲು ಕುಳಿತೆ, ಒಂದು ಪುಟವೂ ಮುಂದೆ ಹೋಗಲಿಲ್ಲ.

ಮಾರ್ಚ್ 18, ಸೋಮವಾರ

ಆಕೆ ಫೋನಿನಲ್ಲಿ ಮಾತಾಡುತ್ತಿದ್ದುದು ಅಡುಗೆಮನೆಗೆ ಕೇಳಿಸಿತು. ಆ ಕಡೆ ಯಾರೋ ಹೊಲಿಗೆ ಅಂಗಡಿಯ ಹೆಂಗಸು. ಆ ಹೆಂಗಸಿನ ಮದುವೆಗೆ ಹತ್ತೊಂಬತ್ತು ವರ್ಷದ ಹಿಂದೆ ಇವಳೇ ಫೋಟೋ ತೆಗೆದಿದ್ದಳಂತೆ.

"ಅಯ್ಯೋ, ನಿಮ್ಮಕ್ಕ ತೀರ್ಕೊಂಡ್ರಾ? ಯಾವಾಗ?... ನಿನ್ನೆನಾ... ಬುಧವಾರದೊಳಗೆ ಬೇಕಾ. ಗೋಡೆಗೆ ಹಾಕೋಕೆ... ಹೌದೌದು, ನೆನಪಿದೆ, ಕೆನ್ನೆ ಮೇಲೆ ಮಚ್ಚೆ, ಬಾಯಿ ತುಂಬ ನಗೋರು. ನಿಮಗಿಂತ ಅವರದೇ ಜಾಸ್ತಿ ತೆಗೆದಿದ್ದೆ ನಾನು... ಇಲ್ಲಮ್ಮ. ನನ್ನ ಹತ್ರ ಈಗ ಇಲ್ಲ. ಎಲ್ಲಾ ಹೋಯ್ತು. ಇಲ್ಲ, ಒಂದೂ ಇಲ್ಲ. ಕ್ಷಮಿಸಿಬಿಡಿ."

ಫೋನ್ ಇಟ್ಟು ತುಂಬ ಹೊತ್ತು ಕಿಟಕಿಯ ಮುಂದೆ ನಿಂತಿದ್ದಳು. ನಾನು ನಲ್ಲಿ ಬಿಟ್ಟೆ, ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ.

ನಾಳೆ ಹನ್ನೆರಡು ಗಂಟೆಗೆ ಪರೀಕ್ಷೆ ಮುಗಿಯುತ್ತದೆ. ಮುಗಿದ ತಕ್ಷಣ ಹೇಳುತ್ತೇನೆ. ಬುಧವಾರಕ್ಕೆ ಆಗಲೂ ಒಂದು ದಿನ ಇರುತ್ತದೆ. ಇದರಲ್ಲಿ ಯಾರಿಗೂ ನಷ್ಟವಿಲ್ಲ. ಹೀಗೆ ಬರೆದು ಎರಡು ಸಲ ಓದಿದೆ. ಹೊಸಬಳು ಬರೆಯುವ ವರದಿಯ ಹಾಗಿದೆ.

ಮಾರ್ಚ್ 19, ಮಂಗಳವಾರ

ಒಮ್ಮೆಯೂ ಕಡಿಯಲಿಲ್ಲ. ಗಡಿಯಾರ ರಿಪೇರಿಯವರು ಮೊದಲ ಹತ್ತು ನಿಮಿಷ ನೆಲ ನೋಡುತ್ತ ಕುಳಿತಿದ್ದರು. ಅವರಿಂದಲ್ಲ, ನಮ್ಮ ಮನೆಯ ತೊಂದರೆಯಿಂದ ನಿಲ್ಲುತ್ತಿತ್ತು, ಈಗ ಸರಿಯಾಗಿದೆ ಎಂದೆ. ನಂಬಿದರೋ ಇಲ್ಲವೋ. ಆದರೆ ಮುಖ ಎತ್ತಿದರು. ಹದಿನಾಲ್ಕು ಚಿತ್ರಗಳಲ್ಲಿ ಹನ್ನೊಂದರ ಹೆಸರು ಹೇಳಿದರು. 'ಚಿಮಟ'ಕ್ಕೆ ಇಪ್ಪತ್ತಾರರವರೆಗೆ ಎಣಿಸಿದೆ, ಬಂತು.

ಕೊನೆಗೆ ದೊಡ್ಡ ಮೇಡಂ ಅವರನ್ನೇ ಕೇಳಿದರು, "ಇವರ ಜೊತೆ ಮುಂದುವರಿಸ್ತೀರಾ?"

ಅವರು ತುಟಿ ಒದ್ದೆ ಮಾಡಿಕೊಂಡರು. "ಮೇಡಂ... ಮಾತು... ಮುಗ್ಸೋಕೆ... ಬಿಡ್ತಾರೆ."

ದೊಡ್ಡ ಮೇಡಂ ಕಣ್ಣೊರೆಸಿಕೊಂಡರು. ಅವರು ಸುಲಭವಾಗಿ ಕಣ್ಣೊರೆಸಿಕೊಳ್ಳುವವರು. ನನ್ನ ರೋಗಿ ನನ್ನ ಬಳಿಯೇ ಉಳಿದರು.

ಹೊರಗೆ ಬಂದೆ. ಆಕೆ ಬಟ್ಟೆ ಮಡಚುತ್ತಿದ್ದಳು. "ಚೆನ್ನಾಗಾಯ್ತಾ?" ಎಂದು ಕೇಳಿದಳು. ಇವತ್ತು ಪರೀಕ್ಷೆ ಎಂದು ಯಾರು ಹೇಳಿದರೋ. ಆಯಿತು ಎಂದೆ. "ನಿಂಗೆ ತೊಂದ್ರೆ ಆಗ್ಬಾರ್ದು ಅಂತ ಬೆಳಿಗ್ಗೆಯಿಂದ ಮಿಕ್ಸಿ ಹಾಕ್ಲಿಲ್ಲ" ಎಂದಳು.

ಆ ಮಾತಿನ ಮೇಲೆ ನನ್ನ ಮಾತು ಹೇಗೆ ಇಡುವುದು? ನಾಳೆ. ಇವತ್ತೊಂದು ದಿನ ಗೆದ್ದವಳಾಗಿರುತ್ತೇನೆ.

ಮಾರ್ಚ್ 20, ಬುಧವಾರ

ಬೆಳಿಗ್ಗೆ ಹೇಳಲಿಲ್ಲ, ರೋಗಿಗಳಿದ್ದರು. ಮಧ್ಯಾಹ್ನ ಹೇಳಲಿಲ್ಲ, ಕಾರಣವಿರಲಿಲ್ಲ. ಸಂಜೆ ಐದಕ್ಕೆ ಹೇಳಿದೆ.

"ಅತ್ತಿಗೆ, ನಿಮ್ಮ ಪೆಟ್ಟಿಗೆ ಕೆಟ್ಟಿಲ್ಲ. ಇಂಟರ್ನೆಟ್ ಹೋಗ್ತಿದ್ದದ್ದು ಅದರಿಂದ. ನಾನೇ ವೈರ್ ಕಿತ್ತಿದ್ದೆ."

ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ನಿಧಾನವಾಗಿ ಕನ್ನಡಕ ತೆಗೆದರು.

"ನೋಡಿ ಸರಿಯಾಗಿದೆ ಅಂದ್ಯಲ್ಲ."

"ಸುಳ್ಳು ಹೇಳಿದೆ."

"ಯಾವತ್ತು ಕಿತ್ತಿದ್ದು?"

"ಶುಕ್ರವಾರ."

ಬೆರಳು ಮಡಚಿ ಎಣಿಸಿದರು. "ಹಾಗಾದ್ರೆ ಸೋಮವಾರ ಎಲ್ಲಾ ಇತ್ತು."

ಎದ್ದು ನನ್ನ ಕೋಣೆಯೊಳಗೆ ನಡೆದರು. ಕೇಳಲಿಲ್ಲ. ವೈರನ್ನು ಟಿಕ್ ಎನ್ನುವವರೆಗೆ ಒತ್ತಿದರು. ಒಂದೇ ನಂಬರಿನ ವಿಷಯ ನಾನು ಹೇಳತೊಡಗಿದೆ. ಅರ್ಧ ಹೇಳುವಷ್ಟರಲ್ಲಿ ಅವರಿಗೆ ತಿಳಿದುಹೋಗಿತ್ತು.

"ಆ ನಂಬರ್ ಕೊಟ್ಟೋಳು ನಾನೇ. ಆಗ ಸ್ಟುಡಿಯೋದಲ್ಲಿ ಇಂಟರ್ನೆಟ್ಟೇ ಇರ್ಲಿಲ್ಲ, ಇದು ಮೊದಲನೇ ಮಷೀನು, ಅದಕ್ಕೆ ಒಂದು ಅಂತ ಕೊಟ್ಟೆ. ಆವತ್ತು ಲೈನಿನೋನ ಮುಂದೆ ಹೇಳೋಕೆ ಬಂದಿದ್ದು ಅದನ್ನೇ, ಬೆಳಿಗ್ಗೆ ಹೊತ್ತು ನಾನಿದನ್ನ ಹಾಕ್ತೀನಿ, ಇದರದ್ದೇನಾದ್ರೂ ಇರ್ಬಹುದಾ ಅಂತ."

ತಮ್ಮ ಲ್ಯಾಪ್‌ಟಾಪ್ ತೆರೆದು ಒಂದನ್ನು ಅಳಿಸಿ ಐವತ್ತನಾಲ್ಕು ಮಾಡಿದರು. ಅವರ ವಯಸ್ಸು. ಪೆಟ್ಟಿಗೆ ಗುಂಯ್‌ಗುಟ್ಟಿತು, ಇಂಟರ್ನೆಟ್ ಕಡಿಯಲಿಲ್ಲ. ಆರು ನಿಮಿಷ ಹಿಡಿಯಿತು.

ರಾತ್ರಿಯ ಊಟಕ್ಕೆ ಅತ್ತಿಗೆ ಹೊರಗೆ ಬರಲಿಲ್ಲ. "ಅಕ್ಕಂಗೆ ಏನಾಯ್ತು?" ಎಂದು ಗಂಡ ಕೇಳಿದರು. ಹೇಳಿದೆ. ನನ್ನನ್ನು ಅವರು ಹಾಗೆ ನೋಡಿದ್ದು ನೆನಪಿಲ್ಲ. ಗೋಡೆಯ ಬಗ್ಗೆ ಒಂದೂ ಮಾತಾಡಲಿಲ್ಲ.

ಮಾರ್ಚ್ 21, ಗುರುವಾರ

ಎಂಟು ಗಂಟೆಗೇ ಅತ್ತಿಗೆ ಮೇಜಿನ ಮುಂದೆ ಕುಳಿತಿದ್ದರು. ನಾನು ಹಾಲ್‌ನಲ್ಲಿದ್ದೆ, ಪೆಟ್ಟಿಗೆ ಓಡುತ್ತಲೇ ಇತ್ತು.

"ಕೂತ್ಕೋ. ಆ ಮದುವೇದು ಸಾವಿರದ ಇನ್ನೂರು ಫೋಟೋ ಇದೆ. ನನ್ನ ಕಣ್ಣೊಂದೇ ಸಾಲಲ್ಲ. ಕೆನ್ನೆ ಮೇಲೆ ಮಚ್ಚೆ, ಹಸಿರು ಬಟ್ಟೆ."

ಕುಳಿತೆ. ಪರರ ಮದುವೆ ನೋಡುವುದಕ್ಕಿಂತ ಬೇಸರದ ಕೆಲಸವಿಲ್ಲ. ಕುರ್ಚಿಗಾಗಿ ಹುಡುಕುವ ಜನ, ತಟ್ಟೆಯ ಮೇಲೆ ಬಗ್ಗಿದ ಜನ, ಕ್ಯಾಮೆರಾ ಕಂಡದ್ದೇ ಹೊಟ್ಟೆ ಒಳಗೆಳೆದುಕೊಳ್ಳುವ ಗಂಡಸರು. ಅತ್ತಿಗೆಗೆ ಅರ್ಧ ಜನರ ಗುರುತಿತ್ತು. "ಇವನು ಊಟ ಮಾಡದೆ ಮುನಿಸ್ಕೊಂಡು ಹೋದ. ಈ ಹುಡುಗಿ ಆಮೇಲೆ ತನ್ನ ಮದುವೇಗೂ ನನ್ನನ್ನೇ ಕರೆದಳು." ನಾನೇ ಮೊದಲು ಕಂಡೆ. ಮದುಮಗಳ ಬಟ್ಟೆಯ ಅಂಚಿಗೆ ಪಿನ್ನು ಹಾಕುತ್ತ ನೆಲದ ಮೇಲೆ ಕುಳಿತ ಹೆಂಗಸು. ಮೇಲಿನಿಂದ ಯಾರೋ ಏನೋ ಅಂದಿದ್ದಾರೆ, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಾಳೆ.

"ಇವರೇ" ಎಂದರು ಅತ್ತಿಗೆ. ಫೋನನ್ನು ನನ್ನ ಮುಂದೆ ಸರಿಸಿದರು. "ನೀನು ಮಾಡು."

"ನೀವೇ ಹೇಳಿದ್ರೆ..."

"ಇಲ್ಲ ಅಂತ ನಾನು ಹೇಳಿದೀನಿ. ಇದೆ ಅಂತ ನೀನು ಹೇಳು. ಯಾಕೆ ಇರ್ಲಿಲ್ಲ ಅಂತಾನೂ."

ಮಾಡಿದೆ. ಹೊಲಿಗೆ ಅಂಗಡಿಯ ಹೆಂಗಸಿನ ಹಿಂದೆ ಯಂತ್ರ ಓಡುವ ಸದ್ದಿತ್ತು. ಫೋ‌ಟೋ ಸಿಕ್ಕಿದೆ ಎಂದೆ.

"ನಿನ್ನೇನೇ ಎಲ್ಲಾ ಮುಗೀತಲ್ಲ. ಗುರುತಿನ ಚೀಟೀದೇ ದೊಡ್ಡದು ಮಾಡಿಸಿ ಹಾಕಿದ್ವಿ. ಅದ್ರಲ್ಲಿ ಅಕ್ಕ ಯಾರಿಗೋ ಬೈತಿರೋ ಹಾಗೆ ಕಾಣ್ತಾಳೆ. ಯಾವತ್ತೂ ಬೈದೋಳಲ್ಲ."

"ಸೋಮವಾರಾನೂ ಇತ್ತು. ಅವರಿಗೆ ಗೊತ್ತಿರ್ಲಿಲ್ಲ. ವೈರ್ ನಾನು ಕಿತ್ತಿಟ್ಟಿದ್ದೆ. ತಪ್ಪು ನಂದು."

ಯಂತ್ರ ನಿಂತಿತು. "ಯಾಕೆ?"

ಬೈಗುಳಕ್ಕೆ ಸಿದ್ಧಳಾಗಿದ್ದೆ. ಈ ಒಂದು ಮಾತಿಗೆ ಸಿದ್ಧಳಾಗಿರಲಿಲ್ಲ.

"ನಂಗೆ ಕೆಲಸ ಇತ್ತು" ಎಂದೆ.

"ಹೌದಾ" ಎಂದಳು. ಯಂತ್ರ ಮತ್ತೆ ಓಡತೊಡಗಿತು. "ಸರಿ, ಕಳಿಸಿ" ಎಂದಳು.

ಮಾರ್ಚ್ 23, ಶನಿವಾರ

ಹೊಲಿಗೆ ಅಂಗಡಿಯವರ ಸಂದೇಶ ಬಂತು. ಅತ್ತಿಗೆ ಗಟ್ಟಿಯಾಗಿ ಓದಿದರು. ಫೋಟೋ ತುಂಬ ಚೆನ್ನಾಗಿದೆ. ಗೋಡೆಯ ಮೇಲಿರುವುದನ್ನು ಇಳಿಸಲು ತಾಯಿ ಬಿಡುತ್ತಿಲ್ಲ. ಒಂದು ಸಲ ಹಾಕಿದ ಮೇಲೆ ಮಗಳನ್ನು ಮತ್ತೆ ಕೆಳಗಿಳಿಸಬೇಡಿ ಎಂದು ಅಳುತ್ತಾರಂತೆ. ಅದಕ್ಕೆ ಇದನ್ನು ಬೀರುವಿನ ಬಾಗಿಲ ಒಳಗೆ ಅಂಟಿಸಿಕೊಂಡಿದ್ದಾಳೆ. ಬಟ್ಟೆ ತೆಗೆಯುವಾಗ ಕಾಣುತ್ತದೆ.

ಅತ್ತಿಗೆ ಫೋನನ್ನು ಕವುಚಿಟ್ಟರು. ಕನ್ನಡಕ ಏರಿಸಿಕೊಂಡು ಮತ್ತೆ ಪರದೆಯ ಕಡೆ ತಿರುಗಿದರು.

"ಲೋಟ ತೆಗಿ ಅಲ್ಲಿಂದ. ಜಾಗ ಬೇಕು."

ತೆಗೆದೆ.